ಮ್ಯಾಲಕಿ ಆಲೂಗಡ್ಡೆಗೆ ನೀರು ಹಾಕಿದ್ದು

ಎಪ್ಪತ್ತು ತುಂಬುವ ತನಕ ಮ್ಯಾಲಕಿ ಮೆಕ್‌ಮಾರೋ ಆಲೂಗಡ್ಡೆ ಗಿಡಕ್ಕೆ ಒಂದು ಚೊಂಬು ನೀರು ಹಾಕಿದವನಲ್ಲ. ಹಾಕುವವರನ್ನು ಕಂಡರೂ ಅವನಿಗೆ ಆಗುತ್ತಿರಲಿಲ್ಲ. ಅವನು ಹುಟ್ಟಿ ಬೆಳೆದ ಐರ್ಲೆಂಡಿನ ಲೀಟ್ರಿಮ್ ಸೀಮೆಯಲ್ಲಿ ನೀರು ಹಾಕುವ ಕೆಲಸವನ್ನು ಆಕಾಶವೇ ವಹಿಸಿಕೊಂಡಿತ್ತು. ಭಾನುವಾರವೂ ರಜೆ ತೆಗೆದುಕೊಳ್ಳುತ್ತಿರಲಿಲ್ಲ. ಬಿದ್ದ ನೀರನ್ನು ಗಿಡದ ಬುಡದಿಂದ ಆಚೆಗೆ ಓಡಿಸುವುದಷ್ಟೇ ಮನುಷ್ಯನಿಗೆ ಉಳಿದ ಕೆಲಸ. ಆ ವಿದ್ಯೆಯನ್ನು ಮ್ಯಾಲಕಿ ಸರ್ಕಾರಿ ಕೃಷಿ ಸಲಹೆಗಾರನಾಗಿ ಮೂವತ್ತೆಂಟು ವರ್ಷ ಸುತ್ತಲಿನ ರೈತರಿಗೆ ಹೇಳಿಕೊಟ್ಟಿದ್ದ. ರೈತರು ಟೋಪಿ ತೆಗೆದು, ತಲೆಯಾಡಿಸಿ, ಚಹಾ ಕೊಟ್ಟು ಕಳಿಸಿ, ಅವನ ಕಾರು ತಿರುವು ದಾಟಿದ ಮೇಲೆ ತಮ್ಮ ಅಪ್ಪ ಮಾಡಿದ ಹಾಗೆಯೇ ಮಾಡುತ್ತಿದ್ದರು. ಅಪ್ಪ ಮಾಡಿದ್ದೂ ಮ್ಯಾಲಕಿ ಹೇಳಿದ್ದೂ ಒಂದೇ ಆಗಿದ್ದರಿಂದ ಬೆಳೆ ಚೆನ್ನಾಗಿ ಬರುತ್ತಿತ್ತು. ಹೆಸರು ಮ್ಯಾಲಕಿಗೆ ಬರುತ್ತಿತ್ತು.

ಆ ಹೆಸರಿನ ಗುರುತಾಗಿ ನಿವೃತ್ತಿಯ ದಿನ ಅವನಿಗೆ ಒಂದು ಬೆಳ್ಳಿಯ ಕಪ್ ಕೊಟ್ಟರು. ಅದು ಈಗ ಸ್ಪೇನಿನ ದಕ್ಷಿಣದಲ್ಲಿ, ಸಮುದ್ರ ಕಾಣುವ ಗುಡ್ಡದ ಮೇಲಿನ ಬೆನಾರ್ಕಾಲ್ ಎಂಬ ಹಳ್ಳಿಯಲ್ಲಿ, ಸುಣ್ಣ ಬಳಿದ ಗೋಡೆಯ ಗೂಡಿನಲ್ಲಿ ಕೂತಿತ್ತು. ಅದು ಅಲ್ಲಿಗೆ ಬರಲು ಕಾರಣ ಮ್ಯಾಲಕಿಯ ಹೆಂಡತಿ ಡಿಂಪ್ನಾಳ ಕೆಮ್ಮು. ಅವಳ ಎದೆಯೊಳಗೆ ಲೀಟ್ರಿಮ್‌ನ ತೇವವೆಲ್ಲ ಸೇರಿಕೊಂಡಿತ್ತು. ಚಳಿಗಾಲದಲ್ಲಿ ಒಂದೆರಡು ತಿಂಗಳು ಒಣ ಹವೆಯ ಕಡೆ ಹೋಗಿ ಬಂದರೆ ಒಳ್ಳೆಯದು ಎಂದು ವೈದ್ಯರು ಹೇಳಿದರು. ಸಲಹೆ ಕೊಟ್ಟೇ ಅಭ್ಯಾಸವಿದ್ದ ಮ್ಯಾಲಕಿ ಸಲಹೆ ತೆಗೆದುಕೊಳ್ಳುವಾಗ ಅಳತೆ ತಪ್ಪಿದ, ಮನೆಯನ್ನೇ ಮಾರಿಬಿಟ್ಟ.

ಬೆನಾರ್ಕಾಲ್‌ಗೆ ಬಂದ ಮೇಲೆ ಡಿಂಪ್ನಾಳ ಕೆಮ್ಮು ಕಡಿಮೆಯಾಯಿತು. ಜೊತೆಗೆ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ದಿನವಿಡೀ ಮನೆಯ ಮುಂದಿನ ಜಗಲಿಯಲ್ಲಿ ಉಣ್ಣೆಯ ಅಂಗಿ ತೊಟ್ಟು, ಬಿಸಿಲಿಗೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ಮ್ಯಾಲಕಿ ಅವಳ ಕೆಮ್ಮನ್ನು ಮಾತ್ರ ಎಣಿಸುತ್ತಿದ್ದ. ಊರಿನಿಂದ ಫೋನು ಬಂದಾಗಲೆಲ್ಲ, ಹವೆಯ ಬದಲಾವಣೆ ನೂರಕ್ಕೆ ನೂರು ಫಲ ಕೊಟ್ಟಿದೆ ಎಂದು ವರದಿ ಒಪ್ಪಿಸುತ್ತಿದ್ದ.

ಮೊದಲ ವರ್ಷದ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಡಿಂಪ್ನಾ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಾಕುವಿನಿಂದ ಆಚೆ ಸರಿಸಿದಳು.

"ಇದು ಸೋಪು," ಎಂದಳು.

"ಆಲೂಗಡ್ಡೆ ಕಣೆ ಅದು. ಈ ಕಡೆಯ ಜಾತಿಯೇ ಹಾಗೆ."

"ಸೋಪಾಗಿದ್ರೆ ನೊರೆನಾದ್ರೂ ಬರ್ತಿತ್ತು." ಅವಳು ಕೈ ಒರೆಸಿಕೊಂಡಳು. "ಮನೆಗೆ ಹೋಗೋಣ ಮ್ಯಾಲಕಿ. ಫಿಲೊಮಿನಾ ತನ್ನ ಹಿಂದಿನ ಕೋಣೆ ಬಿಟ್ಟುಕೊಡ್ತಾಳಂತೆ."

ಫಿಲೊಮಿನಾ ಅವಳ ಅಕ್ಕ. ಆ ಹಿಂದಿನ ಕೋಣೆ ಮ್ಯಾಲಕಿಗೆ ಗೊತ್ತಿತ್ತು: ಒಂದು ಮಂಚ, ಒಂದು ಶಿಲುಬೆ, ಹೊರಗೆ ಕೋಳಿಗೂಡು. ಬೆಳ್ಳಿಯ ಕಪ್ ಇಡಲು ಅಲ್ಲಿ ಜಾಗವಿರಲಿಲ್ಲ.

"ನಿನ್ನ ಎದೆ ಏನಾಗ್ಬೇಕು?"

"ಎದೆ ನಂದು ತಾನೆ. ನಾನೇ ಹೊತ್ಕೊಂಡು ಹೋಗ್ತೀನಿ. ನಿನ್ನನ್ನೇನು ಹೊರು ಅಂತ ಕೇಳಿದ್ನಾ?"

"ಇಲಾಖೆಯ ಅನುಭವದಲ್ಲಿ ಹೇಳ್ತೀನಿ, ಕೇಳು," ಎಂದ ಮ್ಯಾಲಕಿ. ಯಾವ ಜಗಳವನ್ನೂ ಅವನು ಆರಂಭಿಸುತ್ತಿದ್ದದ್ದು ಹೀಗೆಯೇ. "ಆಲೂಗಡ್ಡೆ ಸೋಪಾಗೋಕೆ ಬಿಸಿಲು ಕಾರಣ ಅಲ್ಲ, ಬೆಳೆಯೋನು ಕಾರಣ. ನಮ್ಮ ಬೀಜ, ನಮ್ಮ ಪದ್ಧತಿ ಇದ್ರೆ ಇದೇ ಮಣ್ಣಲ್ಲಿ ನಮ್ಮೂರ ಆಲೂಗಡ್ಡೆ ಬೆಳೀಬಹುದು. ಇಲ್ಲಿ ಚಳಿಗಾಲ ಅನ್ನೋದೇ ಇಲ್ಲ. ನೆಟ್ರೆ ಜನವರಿಗೆ ಕೀಳಬಹುದು."

ಡಿಂಪ್ನಾ ಚಾಕುವನ್ನು ತಟ್ಟೆಯ ಅಂಚಿಗೆ ಇಟ್ಟಳು.

"ಸರಿ. ಬ್ರಿಜಿಡ್ ಹಬ್ಬದ ಊಟಕ್ಕೆ ಈ ಮಣ್ಣಿಂದ ಒಂದು ನಗೋ ಆಲೂಗಡ್ಡೆ ತಂದು ನನ್ನ ತಟ್ಟೆಗೆ ಹಾಕು. ಹಾಕಿದ್ರೆ ಇನ್ನು ಮನೆ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ಇಲ್ಲೇ ಇರ್ತೀನಿ, ಇಲ್ಲೇ ಸಾಯ್ತೀನಿ. ಹಾಕ್ಲಿಲ್ವೋ, ಮಾರನೇ ದಿನ ನೀನು ಟಿಕೆಟ್ ತೆಗೀಬೇಕು."

"ಒಂದು ಸಾಕಾ, ಒಂದು ಮೂಟೆ ಬೇಕಾ?"

"ಒಂದು ಸಾಕು. ಊಟ ನಂದು, ಹಂದೀದಲ್ಲ."

"ನಗ್ತಿದೆಯೋ ಇಲ್ವೋ ಅಂತ ತೀರ್ಮಾನ ಮಾಡೋರು ಯಾರು?"

"ತಿನ್ನೋರು."

ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ ತಾನಾಗಿಯೇ ಬಿರಿದು, ಒಳಗಿನ ಬಿಳಿ ಹಿಟ್ಟು ಹೊರಗಿಣುಕಿದರೆ ಅವರ ಕಡೆ ಅದು ನಗುತ್ತಿದೆ ಎನ್ನುತ್ತಾರೆ. ನಗದ ಆಲೂಗಡ್ಡೆ ಹಂದಿಗೆ ಹೋಗುತ್ತದೆ, ಇಲ್ಲವೆ ನೆಂಟರಿಗೆ. ಸಂತ ಬ್ರಿಜಿಡ್‌ಳ ಹಬ್ಬ ಫೆಬ್ರವರಿ ಒಂದಕ್ಕೆ. ಮುಂದೆ ನಾಲ್ಕು ತಿಂಗಳಿತ್ತು. ಇಂಥ ಸುಲಭದ ಪಂದ್ಯವನ್ನು ಹೆಂಡತಿ ಯಾಕೆ ಕಟ್ಟಿದಳು ಎಂದು ಮ್ಯಾಲಕಿಗೆ ಕನಿಕರವೇ ಆಯಿತು.

ಬೀಜವನ್ನು ಫಿಲೊಮಿನಾಳೇ ಕಳಿಸಿದಳು. ಕರ್ಸ್ ಪಿಂಕ್ ಜಾತಿಯ ಗುಲಾಬಿ ಕಣ್ಣಿನ ಗಡ್ಡೆಗಳು ಉಣ್ಣೆಯ ಕಾಲುಚೀಲಗಳೊಳಗೆ ಸುತ್ತಿಕೊಂಡು ಅಂಚೆಯಲ್ಲಿ ಬಂದವು. ಮ್ಯಾಲಕಿ ಅವನ್ನು ಕಿಟಕಿಯ ಮೇಲೆ ಸಾಲಾಗಿಟ್ಟು ಮೊಳಕೆ ಬರಿಸಿದ. ಗೊಬ್ಬರಕ್ಕೆ ಕಡಲಪಾಚಿಯೇ ಬೇಕೆಂದು ಸಮುದ್ರ ತೀರಕ್ಕೆ ಇಳಿದು, ಕಾರಿನ ಹಿಂಭಾಗದಲ್ಲಿ ತುಂಬಿಸಿ ತಂದ. ಆ ಕಾರಿನಲ್ಲಿ ಮುಂದೆ ಯಾರೂ ಕಿಟಕಿ ಏರಿಸಿ ಕೂರಲು ಆಗಲಿಲ್ಲ.

ಪಕ್ಕದ ಜಮೀನಿನ ಬ್ಲಾಸ್ ಬದುವಿನ ಮೇಲೆ ನಿಂತು ಪಾಚಿಯ ರಾಶಿಯನ್ನು ನೋಡಿದ. ಬ್ಲಾಸ್ ಆ ಭಾಗದ ಕಾಲುವೆಯ ನೀರುಗಂಟಿ. ತೂಬಿನ ಬೀಗದ ಕೈ ಅವನ ಸೊಂಟದಲ್ಲಿ ನೇತಾಡುತ್ತಿತ್ತು. ಎಪ್ಪತ್ತೆಂಟರ ಆಳು, ಅವರೆಕಾಯಿಯಷ್ಟು ಗಾತ್ರದ ಮನುಷ್ಯ. ಮ್ಯಾಲಕಿಯ ಹೆಸರು ಅವನ ನಾಲಿಗೆಗೆ ಹೊಂದದೆ ಮಲಾಕಿ ಆಗಿತ್ತು. ಹಿರಿಯರಿಗೆ ಹಚ್ಚುವ 'ದೋನ್' ಎಂಬುದನ್ನು ಮರ್ಯಾದೆಗೆ ಸೇರಿಸುತ್ತಿದ್ದನೋ ಗೇಲಿಗೆ ಸೇರಿಸುತ್ತಿದ್ದನೋ ಹೇಳುವುದು ಕಷ್ಟ.

"ದೋನ್ ಮಲಾಕಿ, ಮೀನು ಬಿತ್ತೋದಾ?"

"ಆಲೂಗಡ್ಡೆ," ಎಂದ ಮ್ಯಾಲಕಿ, ಪುಸ್ತಕ ನೋಡಿ ಕಲಿತ ಸ್ಪ್ಯಾನಿಷಿನಲ್ಲಿ.

"ಮತ್ತೆ ಈ ಗುಡ್ಡ ಯಾಕೆ ಕಟ್ಟಿದ್ದೀರಿ?"

ಮ್ಯಾಲಕಿ ಆಗಲೇ ಐದು ಏರುಮಡಿ ಕಟ್ಟಿ ಮುಗಿಸಿದ್ದ. ಮೊಣಕಾಲೆತ್ತರ, ಮಂಚದಗಲ, ಎರಡು ಮಡಿಗಳ ನಡುವೆ ಆಳವಾದ ಕಾಲಿ, ಎಂದರೆ ನೀರುಸಾಲು. ಹಗ್ಗ ಹಿಡಿದು ಎಳೆದ ಹಾಗೆ ನೇರ. ಅವನ ತಾತನ ತಾತ ಕಟ್ಟಿದ್ದ ಮಡಿಗಳ ಗೆರೆ ಲೀಟ್ರಿಮ್‌ನ ಗುಡ್ಡದ ಮೇಲೆ ಇವತ್ತಿಗೂ ಕಾಣುತ್ತದೆ. ಆ ಕಾಲದಲ್ಲಿ ಅಂಗಮಾರಿ ರೋಗ ಬಿದ್ದು ಗಡ್ಡೆಯೆಲ್ಲ ನೆಲದೊಳಗೇ ಕೊಳೆತು, ಊರಿಗೆ ಊರೇ ಹಸಿವಿಗೆ ಹೋಯಿತು. ನೀರು ನಿಂತರೆ ರೋಗ, ರೋಗ ಬಂದರೆ ಸಾವು: ಇದು ಮ್ಯಾಲಕಿಗೆ ಓದಿ ಬಂದದ್ದಲ್ಲ, ಮೂಳೆಯಲ್ಲೇ ಇತ್ತು.

"ನೀರು ಹರಿದು ಹೋಗ್ಲಿ ಅಂತ," ಎಂದ.

"ಯಾವ ನೀರು?"

"ಮಳೆ ನೀರು."

ಬ್ಲಾಸ್ ಆಕಾಶ ನೋಡಿದ. ಅಲ್ಲಿ ಏಪ್ರಿಲ್‌ನಿಂದ ಏನೂ ಇರಲಿಲ್ಲ. "ಸರಿ," ಎಂದ. "ಬಂದ್ರೆ ಹೋಗೋಕೆ ದಾರಿ ಆಯ್ತು. ಬರೋಕೇನು ಮಾಡ್ತೀರಿ? ಗುರುವಾರ ಬಿಟ್ಟು ಗುರುವಾರ ಮಧ್ಯಾಹ್ನ ಮೂರರಿಂದ ನಾಲ್ಕೂವರೆ ನಿಮ್ಮ ಸರದಿ. ಅರಬರು ಇಲ್ಲಿ ಆಳ್ತಿದ್ದ ಕಾಲದಿಂದ ಈ ಜಮೀನಿಗೆ ಬಂದಿರೋ ನೀರು. ತೂಬು ಎತ್ತಲಾ?"

"ಬೇಡ. ಆಲೂಗಡ್ಡೆಗೆ ನೀರು ಹಾಕೋದು ಅಂದ್ರೆ ಅಂಗಮಾರಿಗೆ ಮನೆ ಬಾಗಿಲು ತೆಗೆದ ಹಾಗೆ. ಇಲಾಖೆಯ ಅನುಭವದಲ್ಲಿ..."

"ನಿಮ್ಮ ಇಲಾಖೆಗೆ ಬಾಯಾರಿಕೆ ಆಗಲ್ವಾ?"

ಮ್ಯಾಲಕಿ ಮತ್ತೆ ಪಾಚಿ ಹರಡತೊಡಗಿದ. ಅಡಿಪಾಯ ಗಟ್ಟಿಯಿಲ್ಲದವರ ಜೊತೆ ಶಾಸ್ತ್ರ ಮಾತಾಡಬಾರದೆಂದು ಅವನ ನಿಯಮ. ಆ ಗುರುವಾರದ ನೀರು ಮುಂದಿನ ಸೀತಾಫಲದ ತೋಟಕ್ಕೆ ಹೋಯಿತು.

ಅಕ್ಟೋಬರ್ ಮೂರನೇ ವಾರ ಮೊಳಕೆಗಳು ಮೇಲೆ ಬಂದವು. ಮ್ಯಾಲಕಿ ಡಿಂಪ್ನಾಳನ್ನು ಕೈಹಿಡಿದು ಕರೆತಂದು ತೋರಿಸಿದ. ಅವಳು ಬಗ್ಗಿ ಒಂದು ಎಲೆಯನ್ನು ಮುಟ್ಟಿದಳು, ನೆಂಟರ ಮನೆಯ ಕೂಸನ್ನು ಮುಟ್ಟುವ ಹಾಗೆ. ಎರಡು ವಾರ ಕಳೆದ ಮೇಲೆ ಆ ಎಲೆಗಳು ಅಂಚಿನಿಂದ ಒಳಕ್ಕೆ ಸುರುಟತೊಡಗಿದವು. ಎತ್ತರದ ಮಡಿಯ ಮಣ್ಣು ಎರಡೂ ಕಡೆಯಿಂದ ಗಾಳಿ ಬಿಸಿಲು ಕುಡಿದು ಹಪ್ಪಳದಂತೆ ಬಿರುಕುಬಿಟ್ಟಿತು. ಕಡಲಪಾಚಿಯ ಉಪ್ಪು ತೊಳೆಯಲು ಮಳೆಯಿಲ್ಲದೆ ಮೇಲೆ ಬಿಳಿಯ ಪುಡಿಯಾಗಿ ಕೂತಿತು. ಮ್ಯಾಲಕಿ ಮೈಲುತುತ್ತ ಕದಡಿ ಅಂಗಮಾರಿಗೆಂದು ಸಿಂಪಡಿಸಿದ. ಗಿಡಗಳು ಒಣಗುತ್ತಲೇ ನೀಲಿಯಾದವು.

ಅವನು ದಿನಕ್ಕೆ ಮೂರು ಸಲ ಹೋಗಿ ನೋಡಿ ಬರುತ್ತಿದ್ದ. ಹೋಗುವಾಗ ಇದ್ದ ನಡಿಗೆ ಬರುವಾಗ ಇರುತ್ತಿರಲಿಲ್ಲ. ಡಿಂಪ್ನಾ ಜಗಲಿಯಿಂದ ನೋಡುತ್ತಿದ್ದಳು.

"ಹೇಗಿದೆ?" ಎಂದು ಕೇಳಿದಳು ಒಂದು ದಿನ.

"ಹೊಂದ್ಕೊಳ್ತಿದೆ. ಹೊಸ ಜಾಗ. ಮೊದಮೊದಲು ಸ್ವಲ್ಪ ಮುಖ ಬಾಡುತ್ತೆ, ಆಮೇಲೆ ಸರಿಹೋಗುತ್ತೆ."

"ಹೌದಾ," ಎಂದಳು ಡಿಂಪ್ನಾ. "ಎಷ್ಟು ದಿನ ಆಗುತ್ತಂತೆ?"

ಬೆನಾರ್ಕಾಲ್‌ನಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಊರೆಲ್ಲ ಮಲಗುತ್ತದೆ. ಬಂದ ಹೊಸದರಲ್ಲಿ ಮ್ಯಾಲಕಿ ಇದನ್ನು ಇಡೀ ದೇಶದ ಸೋಮಾರಿತನವೆಂದು ಖಂಡಿಸಿದ್ದ. ಮೂರನೇ ತಿಂಗಳಿಗೆ ಪರೀಕ್ಷಾರ್ಥವಾಗಿ ಹತ್ತು ನಿಮಿಷ ಮಲಗಿ ನೋಡಿದ. ಈಗ ಎರಡೂವರೆಗೆ ಬಾಯಿ ತೆರೆದು ಬಿದ್ದರೆ ಐದಕ್ಕೆ ಏಳುತ್ತಿದ್ದ. ಖಂಡನೆಯನ್ನು ಮಾತ್ರ ಹಿಂತೆಗೆದುಕೊಂಡಿರಲಿಲ್ಲ.

ನವೆಂಬರ್ ನಡುವಿನ ಒಂದು ಶುಕ್ರವಾರ ಬೆಳಗ್ಗೆ ಅವನು ತೋಟಕ್ಕೆ ಹೋದಾಗ ಗಿಡಗಳು ತಲೆ ಎತ್ತಿ ನಿಂತಿದ್ದವು. ಮಡಿಗಳ ಬುಡದ ಮಣ್ಣು ಕಪ್ಪಾಗಿತ್ತು. ಬೆರಳಿಟ್ಟರೆ ತಂಪು. ಮ್ಯಾಲಕಿ ಮಂಡಿಯೂರಿ ಮಣ್ಣನ್ನು ಮೂಸಿದ, ಸಮುದ್ರದ ಕಡೆ ನೋಡಿದ, ಮನೆಯೊಳಗೆ ಹೋಗಿ ನೋಟ್‌ಬುಕ್ ತಂದ.

"ಇಬ್ಬನಿ," ಎಂದು, ಇನ್ನೊಂದು ಸಲ ಹಾಗೆಯೇ ಆದ ಮೇಲೆ, ಬ್ಲಾಸ್‌ಗೆ ವಿವರಿಸಿದ. "ಸಮುದ್ರದಿಂದ ರಾತ್ರಿ ಆವಿ ಏರುತ್ತೆ. ಏರುಮಡಿ ಎತ್ತರದಲ್ಲಿರೋದ್ರಿಂದ ಅದು ಬೇಗ ತಣ್ಣಗಾಗುತ್ತೆ. ಇಬ್ಬನಿ ಅಲ್ಲಿ ಕೂತು, ಇಳಿದು, ಕಾಲಿಯಲ್ಲಿ ಸೇರುತ್ತೆ. ನಿಮ್ಮ ಸಪಾಟು ಮಡಿಗೆ ಇದು ಸಿಗಲ್ಲ. ಸಾವಿರ ವರ್ಷದಿಂದ ನೀವು ಕಾಲುವೆ ಕಾಯ್ತಾ ಕೂತಿದ್ದೀರಿ, ಪಾಪ."

ಬ್ಲಾಸ್ ಎಡಗೈಯಿಂದ ಕುತ್ತಿಗೆ ಕೆರೆದುಕೊಂಡ. "ಎಲ್ಲಾ ಸರಿ ದೋನ್ ಮಲಾಕಿ. ನಿಮ್ಮ ಇಬ್ಬನಿ ಹದಿನೈದು ದಿನಕ್ಕೊಂದು ಸಲ ಮಾತ್ರ ಬೀಳುತ್ತಲ್ಲ, ಅದೇನು ಲೆಕ್ಕ?"

"ಚಂದ್ರನ ಪ್ರಭಾವ ಇರಬೇಕು," ಎಂದು ಮ್ಯಾಲಕಿ ಬರೆದುಕೊಂಡ.

ಡಿಸೆಂಬರ್ ಹೊತ್ತಿಗೆ ಗಿಡಗಳು ಸೊಂಟದವರೆಗೆ ಬಂದು ಬಿಳಿಯ ಹೂ ಬಿಟ್ಟವು. ಮ್ಯಾಲಕಿ ಐರ್ಲೆಂಡಿನ ಕೃಷಿ ಪತ್ರಿಕೆಗೆ ಒಂಬತ್ತು ಪುಟದ ಲೇಖನ ಬರೆದು ಕಳಿಸಿದ. ಕ್ರಿಸ್ಮಸ್ ದಿನ ಫಿಲೊಮಿನಾಗೆ ಫೋನ್ ಮಾಡಿ ಕೋಣೆ ಬೇರೆ ಯಾರಿಗಾದರೂ ಕೊಡಬಹುದೆಂದು ಹೇಳಿದ. ಪಕ್ಕದಲ್ಲೇ ಕೂತಿದ್ದ ಡಿಂಪ್ನಾ ಆ ಕಡೆಯ ರೂಢಿಯಂತೆ ಮೇಜಿನ ಕೆಳಗೆ ಇಟ್ಟಿದ್ದ ಕೆಂಡದ ಅಗ್ಗಿಷ್ಟಿಕೆಯ ಹತ್ತಿರಕ್ಕೆ ಕಾಲು ಚಾಚಿದಳು. ಹೊರಗೆ ಬಿಸಿಲಿದ್ದರೂ ಆ ಕಲ್ಲಿನ ಮನೆಯೊಳಗೆ ಉಸಿರು ಬಿಟ್ಟರೆ ಹೊಗೆ ಕಾಣುತ್ತಿತ್ತು. ಅವಳು ಈಚೆಗೆ ಮತ್ತೆ ಕೆಮ್ಮುತ್ತಿದ್ದಳು. ಮ್ಯಾಲಕಿ ಎಣಿಸುವುದನ್ನು ಯಾವಾಗ ನಿಲ್ಲಿಸಿದ್ದನೋ ಅವನಿಗೇ ನೆನಪಿರಲಿಲ್ಲ.

ಫೆಬ್ರವರಿ ಒಂದರ ಬೆಳಗ್ಗೆ ಗುಡ್ಡದ ಬಾದಾಮಿ ಮರಗಳೆಲ್ಲ ಹೂ ಬಿಟ್ಟಿದ್ದವು. ಡಿಂಪ್ನಾ ಹಬ್ಬದ ಶಿಲುಬೆ ಹೆಣೆಯಲು ಕೂತಿದ್ದಳು. ಊರಲ್ಲಿ ಅದಕ್ಕೆ ಕೆರೆ ಅಂಚಿನ ಜೊಂಡು ಬೇಕು. ಇಲ್ಲಿ ಸಿಕ್ಕ ಒರಟು ಹುಲ್ಲು ಅವಳ ಬೆರಳು ಕುಯ್ಯುತ್ತಿತ್ತು. ಮ್ಯಾಲಕಿ ಸನಿಕೆ ಹಿಡಿದು ಹೊರಟ. ಬ್ಲಾಸ್ ಕರೆಯದೆಯೇ ಬಂದು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ.

ಮೊದಲ ಗಿಡಕ್ಕೆ ಹನ್ನೆರಡು ಗಡ್ಡೆ ಬಂತು. ಎರಡನೆಯದಕ್ಕೆ ಹದಿನಾಲ್ಕು. ಮುಷ್ಟಿಗಾತ್ರದವು, ನುಣುಪಾದ ಗುಲಾಬಿ ಸಿಪ್ಪೆ, ಒಂದು ಹುಳುಕಿಲ್ಲ. "ಅಬ್ಬಾ," ಎಂದ ಬ್ಲಾಸ್, ಈ ಸಲ ಗೇಲಿಯಿಲ್ಲದೆ. ಮ್ಯಾಲಕಿ ಬೆನ್ನು ನೇರ ಮಾಡಿ ನಿಂತ. ಮೂವತ್ತೆಂಟು ವರ್ಷದ ಅಭ್ಯಾಸ ಕೈಯಲ್ಲಿತ್ತು: ಒಂದು ಗಡ್ಡೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿ, ಹೋಳುಗಳನ್ನು ಒಂದಕ್ಕೊಂದು ಉಜ್ಜಿದ. ಹಿಟ್ಟಿರುವ ಆಲೂಗಡ್ಡೆ ಉಜ್ಜಿದರೆ ನೊರೆ ಕಟ್ಟಿ ಅಂಟಿಕೊಳ್ಳುತ್ತದೆ. ಇದು ಅಂಟಲಿಲ್ಲ. ಹನಿ ಹನಿಯಾಗಿ ನೀರು ಇಳಿದು ಅವನ ಮಣಿಕಟ್ಟಿನ ಮೇಲೆ ಹರಿಯಿತು.

ಇನ್ನೊಂದು ಹೋಳು ಮಾಡಿದ. ಮತ್ತೊಂದು. ಎಲ್ಲ ನೀರು.

"ಇಷ್ಟೊಂದು ನೀರು ಎಲ್ಲಿಂದ ಬಂತು?" ಎಂದ. ಕೇಳಿದ್ದು ಬ್ಲಾಸ್‌ನನ್ನಲ್ಲ. ಆದರೆ ಅಲ್ಲಿದ್ದವನು ಬ್ಲಾಸ್ ಒಬ್ಬನೇ.

ಬ್ಲಾಸ್ ಸೊಂಟದ ಬೀಗದ ಕೈಯನ್ನು ಒಂದು ಸಲ ಮುಟ್ಟಿಕೊಂಡ. "ಬೈಬೇಡಿ. ಗುರುವಾರ ನೀವು ಮಲಗಿದ ಮೇಲೆ ನಾನೇ ಬಿಡ್ತಿದ್ದೆ. ನೀವು ಕಟ್ಟಿದ ಆ ಕಾಲಿ ಇದೆಯಲ್ಲ, ನೀರು ಹರಿಸೋಕೆ ಹೇಳಿ ಮಾಡಿಸಿದ ಹಾಗಿದೆ. ಮೊನ್ನೆ ಗುರುವಾರನೂ ಬಿಟ್ಟೆ. ಹಬ್ಬ ಹತ್ರ ಬಂತಲ್ಲ, ದಪ್ಪ ಆಗ್ಲಿ ಅಂತ ಸ್ವಲ್ಪ ಜಾಸ್ತಿನೇ ಬಿಟ್ಟೆ."

"ಯಾರು ಹೇಳಿದ್ದು ನಿನಗೆ?"

"ಸೆನ್ಯೋರಾ."

"ಡಿಂಪ್ನಾನಾ?"

"ಅವರೇ. ನವೆಂಬರಲ್ಲಿ ಬಂದ್ರು. ಅಲ್ಲಿಂದ ಇಲ್ಲಿಗೆ ಬರೋ ಹೊತ್ತಿಗೆ ಏದುಸಿರು, ಪಾಪ, ಈ ಕಲ್ಲಿನ ಮೇಲೆ ಕೂತ್ಕೊಂಡ್ರು. ತೂಬು ತೋರ್ಸಿದ್ರು, ಗಿಡ ತೋರ್ಸಿದ್ರು, ಬಾಯಿ ಮೇಲೆ ಬೆರಳಿಟ್ರು. ಯಾಕೆ ಅಂತ ಕೇಳಿದೆ. ಅವರು ಹೇಳಿದ್ದು ನಿಮ್ಮ ಭಾಷೆ, ನನಗೆ ಒಂದಕ್ಷರ ತಿಳೀಲಿಲ್ಲ. ಆಮೇಲೆ ಎದ್ದು ಹೀಗೆ ನಡೆದು ತೋರ್ಸಿದ್ರು."

ಬ್ಲಾಸ್ ಎದ್ದು ಬದುವಿನ ಮೇಲೆ ನಾಲ್ಕು ಹೆಜ್ಜೆ ನಡೆದ. ಭುಜ ಜೋತುಬಿದ್ದಿತ್ತು, ಕೆಳತುಟಿ ಮುಂದೆ ಬಂದಿತ್ತು, ಎರಡು ಕೈಯೂ ಯಾರೋ ಬಿಟ್ಟುಹೋದ ಚೀಲಗಳಂತೆ ಪಕ್ಕದಲ್ಲಿ ತೂಗುತ್ತಿದ್ದವು. ಮ್ಯಾಲಕಿಗೆ ಆ ನಡಿಗೆ ಯಾರದೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ತನ್ನ ಬೆನ್ನನ್ನು ತಾನು ನೋಡಿಕೊಂಡ ಮನುಷ್ಯರು ಕಡಿಮೆ.

"ಆಮೇಲೆ ತಲೆ ಅಲ್ಲಾಡ್ಸಿದ್ರು," ಎಂದ ಬ್ಲಾಸ್. "ಇದು ಆಗಬಾರದು ಅನ್ನೋ ಹಾಗೆ. ಅಷ್ಟೇ. ತಪ್ಪಾಯ್ತಾ?"

"ಇಲ್ಲ," ಎಂದ ಮ್ಯಾಲಕಿ. ಸನಿಕೆಗೆ ಒರಗಿ ನಿಂತುಕೊಂಡ. ನೀರಿಲ್ಲದಿದ್ದರೆ ನವೆಂಬರಿನಲ್ಲೇ ಗಿಡ ಸಾಯುತ್ತಿತ್ತು. ಅವಳು ಪಂದ್ಯ ಗೆದ್ದು ಈ ಹೊತ್ತಿಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ಅವಳು ಮಾಡಬೇಕಿದ್ದದ್ದು ಏನೂ ಇರಲಿಲ್ಲ, ಜಗಲಿಯಲ್ಲಿ ಸುಮ್ಮನೆ ಕೂತಿದ್ದರೆ ಸಾಕಿತ್ತು.

ಒಂದು ಬುಟ್ಟಿ ಗಡ್ಡೆ ತೊಳೆದು, ಸಿಪ್ಪೆ ಸಮೇತ ಪಾತ್ರೆಗೆ ಹಾಕಿ, ಉಪ್ಪು ಹಾಕಿ ಮ್ಯಾಲಕಿ ತಾನೇ ಒಲೆಯ ಮುಂದೆ ನಿಂತ. ಡಿಂಪ್ನಾ ಮೇಜಿಗೆ ಬಿಳಿಯ ಬಟ್ಟೆ ಹಾಸಿದಳು, ಪೇಟೆಯಿಂದ ತರಿಸಿದ ಐರ್ಲೆಂಡಿನ ಬೆಣ್ಣೆಯನ್ನು ಬಟ್ಟಲಿಗೆ ತೆಗೆದಳು. ಹೆಣೆದ ಶಿಲುಬೆಯನ್ನು ಬೆಳ್ಳಿಯ ಕಪ್‌ಗೆ ಒರಗಿಸಿಟ್ಟಳು. ನೀರು ಬಸಿದು, ಪಾತ್ರೆಯನ್ನು ಒಂದು ಗಳಿಗೆ ಒಲೆಯ ಮೇಲೆ ಬರಿದೇ ಆಡಿಸಿ, ಮುಚ್ಚಳ ತೆಗೆದಾಗ ಇಬ್ಬರೂ ಬಗ್ಗಿ ನೋಡಿದರು.

ಆಲೂಗಡ್ಡೆಗಳು ತುಟಿ ಬಿಗಿದುಕೊಂಡು ಕೂತಿದ್ದವು. ಒಂದೊಂದೂ ನುಣ್ಣಗೆ, ಗುಂಡಗೆ, ಹೊಳೆಯುತ್ತ, ತೀರ್ಪು ಕೊಡಲು ಬಂದ ನ್ಯಾಯಾಧೀಶರ ಹಾಗೆ.

ಮ್ಯಾಲಕಿ ಅವಳ ತಟ್ಟೆಗೆ ಮೂರು ಹಾಕಿದ. ಡಿಂಪ್ನಾ ಕೂತು, ಶಿಲುಬೆಯ ಗುರುತು ಮಾಡಿಕೊಂಡು, ಒಂದನ್ನು ಬೆರಳಲ್ಲಿ ತಿರುಗಿಸಿದಳು. ಅದರ ಒಂದು ಬದಿಯಲ್ಲಿ ಸನಿಕೆ ತಾಗಿ ಸಿಪ್ಪೆ ಹರಿದ ಗಾಯವಿತ್ತು, ಉಗುರಿನಷ್ಟು.

"ನೋಡು," ಎಂದಳು. "ನಗ್ತಿದೆ."

ಮ್ಯಾಲಕಿ ನೋಡಿದ. ಮೂರು ತಾಲ್ಲೂಕಿನಲ್ಲಿ ಆಲೂಗಡ್ಡೆಗೆ ಬಹುಮಾನ ಕೊಟ್ಟವನು ಅವನು. ಸನಿಕೆಯ ಗಾಯಕ್ಕೂ ನಗುವಿಗೂ ವ್ಯತ್ಯಾಸ ಗೊತ್ತಿದ್ದವರು ಆ ಇಡೀ ದೇಶದಲ್ಲಿ ಇಬ್ಬರೇ ಇದ್ದರು, ಇಬ್ಬರೂ ಆ ಮೇಜಿನ ಮುಂದೆ ಕೂತಿದ್ದರು. ಅವನ ಬಾಯಲ್ಲಿ ಮಾತು ಸಿದ್ಧವಾಗಿತ್ತು: ಇಲ್ಲ ಡಿಂಪ್ನಾ, ಇದು ನಗ್ತಿಲ್ಲ, ನಾಳೆ ಹೋಗಿ ಟಿಕೆಟ್ ತೆಗೀತೀನಿ. ಒಂದೇ ವಾಕ್ಯ. ಇದಕ್ಕಿಂತ ಉದ್ದವಾದದ್ದನ್ನು ಅವನು ಕೇಳುವವರಿಲ್ಲದಾಗಲೂ ಹೇಳಿದ್ದ.

ಫಿಲೊಮಿನಾಳ ಹಿಂದಿನ ಕೋಣೆ, ಕೋಳಿಗೂಡು, ಕೃಷಿ ಪತ್ರಿಕೆಗೆ ಹೋದ ಒಂಬತ್ತು ಪುಟ, ಊರವರ ಮುಖ, ಎಲ್ಲ ಕಣ್ಣ ಮುಂದೆ ಬಂದವು. ಕೊನೆಗೆ ಅವಳ ಎದೆ ನೆನಪಾಯಿತು. ನೆನಪಾದದ್ದಕ್ಕೆ ಅವನಿಗೆ ಸಮಾಧಾನವೂ ಆಯಿತು. ಕಾರಣ ಎಂದು ಹೇಳಿಕೊಳ್ಳಲು ಅದೇ ಎಲ್ಲಕ್ಕಿಂತ ಮರ್ಯಾದಸ್ಥವಾಗಿತ್ತು.

"ಹೂಂ," ಎಂದ. "ನಗ್ತಿದೆ."

ಡಿಂಪ್ನಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಅವನು ಇನ್ನೇನಾದರೂ ಹೇಳಬಹುದೆಂದು ಕಾದಳೋ ಏನೋ. ಆಮೇಲೆ ಬೆಣ್ಣೆ ಹಚ್ಚಿಕೊಂಡು ಮೂರನ್ನೂ ತಿಂದಳು, ನಿಧಾನವಾಗಿ, ಔಷಧಿ ತಿನ್ನುವವರು ತಿನ್ನುವ ಹಾಗೆ.

ಅವಳು ಮಾತು ಕೊಟ್ಟರೆ ಕೊಟ್ಟಂತೆಯೇ. ಆ ಊಟದ ಮೇಲೆ ಮನೆ ಎಂಬ ಪದ ಅವಳ ಬಾಯಲ್ಲಿ ಬರಲಿಲ್ಲ. ಫಿಲೊಮಿನಾ ಫೋನ್ ಮಾಡಿದರೆ ಇಲ್ಲಿನ ಹವೆಯ ಬಗ್ಗೆ ಮಾತಾಡುತ್ತಿದ್ದಳು. ಕುರ್ಚಿಯನ್ನು ಮಾತ್ರ ಜಗಲಿಯ ಇನ್ನೊಂದು ತುದಿಗೆ, ತೋಟ ಕಾಣದ ಕಡೆಗೆ ಹಾಕಿಸಿಕೊಂಡಳು. ಗುರುವಾರದ ನೀರಿನ ವಿಷಯ ಅವಳು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಲೇಖನ ಹಿಂದಕ್ಕೆ ಬಂತು. ಇಬ್ಬನಿಯ ಭಾಗ ಇನ್ನಷ್ಟು ಪುರಾವೆ ಬೇಡುತ್ತದೆ ಎಂದು ಸಂಪಾದಕರು ಬರೆದಿದ್ದರು. ಮ್ಯಾಲಕಿ ಅದನ್ನು ಒಲೆಗೆ ಹಾಕಿದ. ಆ ಚಳಿಗಾಲದಿಂದ ಯಾರಿಗೂ ಅವನು ಇಲಾಖೆಯ ಅನುಭವ ಹೇಳಿದ್ದನ್ನು ಬ್ಲಾಸ್ ಕೇಳಲಿಲ್ಲ. ಬ್ಲಾಸ್‌ಗೆ ಅದರಿಂದ ಸ್ವಲ್ಪ ಬೇಸರವೇ ಆಯಿತು.

ಮರುವರ್ಷದ ಜನವರಿಯಲ್ಲಿ ಡಿಂಪ್ನಾಗೆ ನ್ಯುಮೋನಿಯಾ ಆಯಿತು. ಹೊರಗೆ ಕಿತ್ತಳೆ ಹಣ್ಣು ತೂಗುವಷ್ಟು ಬಿಸಿಲು, ಒಳಗೆ ಕಲ್ಲಿನ ಮನೆಯ ಚಳಿ. ಆಸ್ಪತ್ರೆಯಲ್ಲಿ ಎಂಟು ದಿನ ಇದ್ದಳು. ಕೊನೆಯ ದಿನ ಮ್ಯಾಲಕಿ ಅವಳ ಮಂಚಕ್ಕೆ ಬಗ್ಗಿ, "ಡಿಂಪ್ನಾ, ಆವತ್ತು ಅದು ನಗ್ತಿರ್ಲಿಲ್ಲ ಕಣೆ," ಎಂದ.

"ಗೊತ್ತು," ಎಂದಳು. ಆಮೇಲೆ, ಉಸಿರು ಒಟ್ಟುಮಾಡಿಕೊಂಡು, "ಆವತ್ತೇ ಹೇಳ್ಬೇಕಿತ್ತು," ಎಂದಳು.

ಶವವನ್ನು ಊರಿಗೆ ಸಾಗಿಸುವ ಮಾತನ್ನು ಫಿಲೊಮಿನಾ ಎತ್ತಿದಳು. ಇಲ್ಲೇ ಸಾಯ್ತೀನಿ ಎಂದು ಅವಳೇ ಹೇಳಿದ್ದಾಳೆ ಎಂದು ಮ್ಯಾಲಕಿ ಉತ್ತರ ಕೊಟ್ಟ. ಫೋನು ಇಟ್ಟ ಮೇಲೆ, ಅವಳು ಆ ಮಾತು ಹೇಳಿದ್ದು ಯಾವ ಷರತ್ತಿನ ಮೇಲೆ ಎಂಬುದು ನೆನಪಾಯಿತು. ಮತ್ತೆ ಫೋನು ಮಾಡಲಿಲ್ಲ.

ಬೆನಾರ್ಕಾಲ್‌ನಲ್ಲಿ ಸತ್ತವರನ್ನು ಮಣ್ಣಿಗೆ ಇಡುವುದಿಲ್ಲ. ಸ್ಮಶಾನದ ಎತ್ತರದ ಬಿಳಿಯ ಗೋಡೆಯಲ್ಲಿ ಗೂಡುಗಳಿವೆ. ಪೆಟ್ಟಿಗೆಯನ್ನು ಒಳಗೆ ತಳ್ಳಿ, ಕಲ್ಲು ಮುಚ್ಚಿ, ಹೆಸರು ಬರೆಯುತ್ತಾರೆ. ಡಿಂಪ್ನಾಗೆ ಮೂರನೇ ಸಾಲಿನಲ್ಲಿ, ಮ್ಯಾಲಕಿಯ ಎದೆಯ ಎತ್ತರಕ್ಕೆ ಜಾಗ ಸಿಕ್ಕಿತು. ಸಮಾಧಿಯ ಮೇಲೆ ಏನಾದರೂ ನೆಡಬೇಕೆಂದು ಬಂದವನಿಗೆ ನೆಡಲು ಒಂದು ಹಿಡಿ ಮಣ್ಣೂ ಅಲ್ಲಿರಲಿಲ್ಲ. ಪಕ್ಕದ ಗೂಡುಗಳಿಗೆಲ್ಲ ಪ್ಲಾಸ್ಟಿಕ್ ಹೂವಿತ್ತು. ಬಿಸಿಲಿಗೆ ಬಣ್ಣ ಬಿಟ್ಟಿತ್ತು.

ಆ ವರ್ಷ ಸೆಪ್ಟೆಂಬರಿನಲ್ಲಿ ಮ್ಯಾಲಕಿ ಏರುಮಡಿ ಕಟ್ಟಲಿಲ್ಲ. ಒಂದು ಮಣ್ಣಿನ ಕುಂಡಕ್ಕೆ ಒಂದೇ ಗಡ್ಡೆ ಹಾಕಿ, ತಂತಿ ಕಟ್ಟಿ, ಗೂಡಿನ ಮುಂದಿನ ಕೊಂಡಿಗೆ ತೂಗುಹಾಕಿದ. ನವೆಂಬರ್ ಒಂದರಂದು, ಸತ್ತವರಿಗೆ ಹೂ ಕೊಡಲು ಊರೆಲ್ಲ ಸ್ಮಶಾನಕ್ಕೆ ಬಂದಾಗ ಅದು ಗೇಣುದ್ದ ಬೆಳೆದಿತ್ತು.

"ದೋನ್ ಮಲಾಕಿ," ಎಂದು ಬ್ಲಾಸ್ ಪಿಸುಗುಟ್ಟಿದ, ಟೋಪಿ ಕೈಯಲ್ಲಿ ಹಿಡಿದು. "ಹೆಂಗಸರು ಆಡ್ಕೊಳ್ತಿದ್ದಾರೆ. ಸಮಾಧಿಗೆ ಆಲೂಗಡ್ಡೆನಾ ಅಂತ. ನನ್ನ ತೋಟದಲ್ಲಿ ಸೇವಂತಿಗೆ ಇದೆ, ಕೊಡ್ತೀನಿ."

"ಬೇಡ. ಇದಕ್ಕೂ ಹೂ ಬರುತ್ತೆ."

ಮ್ಯಾಲಕಿ ನಲ್ಲಿಯ ಹತ್ತಿರ ಹೋಗಿ, ಅಲ್ಲಿದ್ದ ತಗಡಿನ ಡಬ್ಬದಲ್ಲಿ ನೀರು ತುಂಬಿಕೊಂಡು ಬಂದ. ಎರಡೂ ಕೈಯಲ್ಲಿ ಎತ್ತಿ ಕುಂಡಕ್ಕೆ ಹುಯ್ಯತೊಡಗಿದ. ಮಣ್ಣು ಕುಡಿಯಿತು, ತುಂಬಿತು, ಕುಂಡದ ಬಾಯಿಯ ತನಕ ಬಂತು. ಅವನು ನಿಲ್ಲಿಸಲಿಲ್ಲ.

"ಸಾಕು," ಎಂದ ಬ್ಲಾಸ್. "ಆಲೂಗಡ್ಡೆಗೆ ಇಷ್ಟು ನೀರು ಆಗಲ್ಲ. ಕೊಳೆತುಹೋಗುತ್ತೆ."

"ಗೊತ್ತು."

ನೀರು ಕುಂಡದ ತಳದ ತೂತಿನಿಂದ ಇಳಿದು, ಡಿಂಪ್ನಾಳ ಹೆಸರಿನ ಕೊನೆಯ ಅಕ್ಷರವನ್ನು ನೆನೆಸಿ, ಕೆಳಗಿನ ಸಾಲಿನ ಕಲ್ಲಿನ ಮೇಲೆ ಹರಿಯಿತು. ಅಲ್ಲಿ ಕಲ್ಲಿಗೆ ಕೂರಿಸಿದ ಪಟದಲ್ಲಿದ್ದದ್ದು ಬ್ಲಾಸ್‌ನ ಚಿಕ್ಕಪ್ಪ. ಬ್ಲಾಸ್ ಮಂಡಿಯೂರಿ, ಅಂಗಿಯ ತೋಳಿನಿಂದ ಚಿಕ್ಕಪ್ಪನ ಮುಖ ಒರೆಸಿದ. ಮೇಲಿನಿಂದ ನೀರು ಇನ್ನೂ ಬರುತ್ತಲೇ ಇತ್ತು.